ಹಾರ್ನ್ ಕೊಳ್ಳುವವನ ಕಿವಿ

ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರು 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯ ಕಾನ್ಸರ್ಟ್ ಸೊಸೈಟಿಯ ಪ್ರಥಮ ಅಧ್ಯಕ್ಷರಾದರು. ಆ ವಾದ್ಯವೃಂದದ ಫ್ರೆಂಚ್ ಹಾರ್ನ್ ವಾದಕರಲ್ಲಿ ಮೊದಲ ಪೀಠ ಡೆನಿಸ್ ಬ್ರೇನ್ ಎಂಬ ತರುಣನದು. ಹಾರ್ನ್ ಕೊಳ್ಳಹೊರಟ ಯಾರಿಗೂ ತಪ್ಪದ ಪ್ರಶ್ನೆ ಆತನಿಗೂ ಎದುರಾಯಿತು: ನಾದದ ಸೊಬಗು ಮುಖ್ಯವೋ, ಸ್ವರ ತಪ್ಪದೆಂಬ ಧೈರ್ಯವೋ?

ಸುರುಳಿ ಸುತ್ತಿದ ಈ ಹಿತ್ತಾಳೆಯ ನಳಿಗೆಯನ್ನು ಬಿಚ್ಚಿ ನೀಳವಾಗಿಸಿದರೆ ಎಫ್ ಶ್ರುತಿಯದು ಸುಮಾರು 12 ಅಡಿ, ಬಿ ಫ್ಲಾಟ್ ಶ್ರುತಿಯದು ಸುಮಾರು 9 ಅಡಿ. ಉದ್ದ ನಳಿಗೆಯ ನಾದ ಗಂಭೀರ, ಮಧುರ. ಆದರೆ ತಾರಸ್ಥಾಯಿಯಲ್ಲಿ ಅದರ ಸಹಜ ಸ್ವರಗಳು ಒತ್ತೊತ್ತಾಗಿರುತ್ತವೆ. ತುಟಿ ಕೂದಲೆಳೆಯಷ್ಟು ಜಾರಿದರೆ ನೆರೆಯ ಸ್ವರ ಹೊರಬಿದ್ದು ತುಂಬಿದ ಸಭೆಯಲ್ಲಿ ಮಾನ ಕಳೆಯುತ್ತದೆ. ಗಿಡ್ಡ ನಳಿಗೆಯಲ್ಲಿ ಅದೇ ಎತ್ತರದ ಸ್ವರಗಳ ನಡುವೆ ಎಡೆ ಹೆಚ್ಚು. ವಿಯೆನ್ನಾ ಫಿಲ್‌ಹಾರ್ಮೋನಿಕ್‌ನವರು ಇಂದಿಗೂ ಬಹುಮಟ್ಟಿಗೆ ಹಳೆಯ ಎಫ್ ಹಾರ್ನನ್ನೇ ಬಿಡದೆ ಹಿಡಿದಿದ್ದಾರೆ. ಅಪಾಯವನ್ನರಿತೇ ಆ ನಾದವನ್ನು ವರಿಸಿದವರು ಅವರು! ಉಳಿದೆಡೆ, ಹೆಬ್ಬೆರಳಿನ ಒಂದು ಒತ್ತಿನಿಂದ ಎರಡು ಶ್ರುತಿಗಳ ನಡುವೆ ಬದಲಾಗುವ ಡಬಲ್ ಹಾರ್ನೇ ರೂಢಿ.

ಡೆನಿಸನ ತಂದೆ ಆಬ್ರಿ ಬ್ರೇನ್ ಸಹ ಹೆಸರಾಂತ ವಾದಕ. ಫ್ರಾನ್ಸಿನ ರಾವೂ ಮನೆತನದ ಹಾರ್ನೇ ಆತನಿಗೆ ಪ್ರಿಯ, ಜರ್ಮನ್ ಹಾರ್ನೆಂದರೆ ಮೂಗು ಮುರಿಯುವವನು. ಒಡಲು ಕಿರಿದಾದ ರಾವೂ ಹಾರ್ನಿನ ನಾದ ನೀರಿನಂತೆ ಹರಿಯುತ್ತದೆ, ಸ್ವರದಿಂದ ಸ್ವರಕ್ಕೆ ಬೆಸುಗೆ ಕಾಣದು. ಆದರೆ ಜರ್ಮನ್ ಹಾರ್ನಿನ ಕಸುವು ಅದಕ್ಕಿಲ್ಲ. ಮಗನೂ ಮೊದಲು ಅದನ್ನೇ ನುಡಿಸಿದನು. 1951ರಲ್ಲಿ, ತಂದೆ ಇನ್ನೂ ಬದುಕಿರುವಾಗಲೇ, ಜರ್ಮನಿಯ ಅಲೆಕ್ಸಾಂಡರ್ ಕಂಪನಿಯ ಬಿ ಫ್ಲಾಟ್ ಹಾರ್ನಿಗೆ ತಿರುಗಿದನು. ಆದರೆ ಮೌತ್‌ಪೀಸ್ ಸಿಕ್ಕಿಸುವ ಮೊದಲ ತುಂಡು ನಳಿಗೆ ವಾಡಿಕೆಯದಲ್ಲ. ತನಗಾಗಿಯೇ ಕಿರಿದಾಗಿ ಮಾಡಿಸಿದ್ದು. ರಾವೂ ನಾದ ಪೂರ್ತಿ ಮರಳಲಿಲ್ಲವೆಂಬುದು ನಿಜ. ಅದರ ಹಗುರ ಮಾತ್ರ ಕೊಂಚ ಉಳಿಯಿತು.

ನಾದದ ಗುಟ್ಟು ಇಂಥ ಚಿಕ್ಕ ತುಂಡುಗಳಲ್ಲಿಯೇ ಹೆಚ್ಚು. ಮೌತ್‌ಪೀಸಿನ ಒಳಗುಳಿ ಆಲಿಕೆಯಂತೆ ಆಳವಾಗಿದ್ದರೆ ನಾದ ಮೆತ್ತಗೆ, ಮಬ್ಬಾಗಿ ಬರುತ್ತದೆ. ತೆಳುವಾಗಿದ್ದರೆ ಹೊಳಪು ಬಂದು ಕ್ರಮೇಣ ಕಹಳೆಯತ್ತ ವಾಲುತ್ತದೆ. ಅಗಲ ಅಂಚು ದಣಿದ ತುಟಿಗೆ ಹಿತ. ಸಪೂರ ಅಂಚು ಚುರುಕು, ಆದರೆ ನಿರ್ದಯಿ. ವಾದಕನ ಬಲಗೈ ಹಾರ್ನಿನ ಅರಳಿದ ಬಾಯೊಳಗಿರುವುದರಿಂದ ಅಂಗೈಯ ಓರೆಯೂ ನಾದವನ್ನು ತಿದ್ದುತ್ತದೆ. ಹೀಗಿರುವಾಗ ಅಂಗಡಿಗೆ ಹೋಗುವವನು ಅಭ್ಯಾಸದ ಮೌತ್‌ಪೀಸನ್ನೇ ಒಯ್ಯಬೇಕು, ಇಲ್ಲವಾದರೆ ಯಾವ ಗುಣ ಯಾವುದರದೆಂದು ತಿಳಿಯದು. ಒಬ್ಬ ಗೆಳೆಯನನ್ನೂ ಕರೆದೊಯ್ದು ಕೋಣೆಯ ಆಚೆ ತುದಿಯಲ್ಲಿ ನಿಲ್ಲಿಸುವುದು ಲೇಸು. ಹಾರ್ನಿನ ನಾದ ಹಿಂಬದಿಗೆ ಹೊರಡುವುದರಿಂದ ನುಡಿಸುವವನ ಕಿವಿಗೆ ಅದರ ನಿಜರೂಪ ದಕ್ಕುವುದಿಲ್ಲ.

1953ರಲ್ಲಿ ಕಾರಾಯಾನನ ನಿರ್ದೇಶನದಲ್ಲಿ ಡೆನಿಸ್ ಮೊಟ್ಸಾರ್ಟನ ನಾಲ್ಕು ಹಾರ್ನ್ ಕಂಚೇರ್ಟೊಗಳನ್ನು ಮುದ್ರಿಸಿದ್ದು ಅಲೆಕ್ಸಾಂಡರ್ ಹಾರ್ನಿನಲ್ಲಿಯೇ. 1957ರ ಸೆಪ್ಟೆಂಬರ್ 1ರಂದು, ಎಡಿನ್‌ಬರೋದಿಂದ ಲಂಡನ್ನಿಗೆ ಕಾರು ನಡೆಸಿಕೊಂಡು ಬರುತ್ತಿದ್ದಾಗ ಅಪಘಾತವಾಗಿ ತೀರಿಕೊಂಡನು. ಆಗ ವಯಸ್ಸು 36. ಜಜ್ಜಿಹೋದ ಹಾರ್ನನ್ನು ದುರಸ್ತಿ ಮಾಡಿಸಿ ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿ ಇರಿಸಿದ್ದಾರೆ.