ಶೀತದೇಶದ ಎಂಜಿನ್ನಿಗೆ ಎಷ್ಟು ಶಾಖ ಬೇಕು?

ಕೆನಡಾದ ವಿನ್ನಿಪೆಗ್ ನಗರದಲ್ಲಿ ಚಳಿಗಾಲದ ರಾತ್ರಿಯ ಉಷ್ಣತೆಯು ಸೊನ್ನೆಗಿಂತ 30 ಡಿಗ್ರಿ ಸೆಂಟಿಗ್ರೇಡ್ ಕೆಳಕ್ಕೆ ಇಳಿಯುವುದುಂಟು. ಆಗ ಎಂಜಿನ್ನಿನ ಎಣ್ಣೆಯು ಮಂದವಾಗುತ್ತದೆ; ಬ್ಯಾಟರಿಯ ರಾಸಾಯನಿಕ ಕ್ರಿಯೆಯು ಕುಗ್ಗುತ್ತದೆ. ಹೆಚ್ಚು ಬಲ ಬೇಕಾದ ವೇಳೆಯಲ್ಲಿಯೇ ಬಲವು ಕಡಮೆಯಾಗುತ್ತದೆ. ಇದಕ್ಕೆ ಪರಿಹಾರ ವಿದ್ಯುತ್ ತಾಪಕ.

ತಾಪಕಗಳಲ್ಲಿ ಹಲವು ಬಗೆ. ಎಂಜಿನ್ನನ್ನು ತಂಪಾಗಿಡುವ ದ್ರವದೊಳಗೆ ಮುಳುಗಿರುವ ತಾಪಕವೇ ಮೇಲೆಂದು ನಮ್ಮ ಅಭಿಪ್ರಾಯ. ಕಾದ ದ್ರವವು ಮೇಲೇರಿ, ತಣ್ಣನೆಯದು ಕೆಳಗಿಳಿದು, ಸಿಲಿಂಡರುಗಳ ಸುತ್ತಲೂ ಶಾಖವು ಹರಡುತ್ತದೆ. ಆದರೆ ತಾಪಕವನ್ನು ಕೂಡಿಸಿದ ಬಳಿಕ ದ್ರವವನ್ನು ತುಂಬಿ, ಒಳಗಿನ ಗಾಳಿಯನ್ನು ಹೊರಡಿಸದೆ ವಿದ್ಯುತ್ತನ್ನು ಹಾಯಿಸಕೂಡದು. ಬರಿದಾದ ತಾಪಕವು ಸುಟ್ಟುಹೋಗುತ್ತದೆ. ತಂತಿಯು ಫ್ಯಾನಿಗೂ ಹೊಗೆಕೊಳವೆಗೂ ತಾಕದಂತಿರಬೇಕು.

ರಾತ್ರಿಯಿಡೀ ಕಾಯಿಸುವ ವಾಡಿಕೆಯನ್ನು ನಾವು ಒಪ್ಪಲಾರೆವು. ಕೆಲವು ಗಂಟೆಗಳಾದ ಮೇಲೆ ಎಂಜಿನ್ನು ಪಡೆದಷ್ಟೇ ಶಾಖವನ್ನು ಹೊರಗಿನ ಗಾಳಿಗೆ ಕಳೆದುಕೊಳ್ಳುತ್ತದೆ. 500 ವಾಟಿನ ತಾಪಕವು 10 ಗಂಟೆಗಳಲ್ಲಿ 5 ಯೂನಿಟ್ ವಿದ್ಯುತ್ತನ್ನು ನುಂಗುತ್ತದೆ. ಹೊರಡುವ ಮುನ್ನ 2 ಗಂಟೆ ಕಾಯಿಸಿದರೆ 1 ಯೂನಿಟ್ ಸಾಕು. ಗಡಿಯಾರದ ಸ್ವಿಚ್ಚೊಂದಿದ್ದರೆ ಆಯಿತು.

ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ನನ್ನೇ ಓಡಿಸಿ ಕಾಯಿಸುವುದಂತೂ ಮೃತ್ಯುವಿಗೆ ಆಹ್ವಾನ: ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಚಳಿಯನ್ನು ಗೆಲ್ಲಲು ಬೇಕಾದುದು ಹೆಚ್ಚು ಬೆಂಕಿಯಲ್ಲ, ತುಸು ಲೆಕ್ಕಾಚಾರ.