ನೆರಳುಮರದ ಯೋಗ್ಯತೆ ತಿಳಿಯುವುದು ಮಾರ್ಚ್ ತಿಂಗಳಲ್ಲಿ

ಕೊಡಗೆಂದರೆ ಮಳೆನಾಡು ಎಂಬ ಮಾತು ವರ್ಷದ ಅರ್ಧಕ್ಕೆ ಮಾತ್ರ ನಿಜ. ಡಿಸೆಂಬರ್‌ನಿಂದ ಹೂಮಳೆ ಬೀಳುವ ತನಕ ಪೊನ್ನಂಪೇಟೆಯ ಸುತ್ತಲಿನ ಕಾಫಿ ತೋಟಗಳು ಬಿಸಿಲಿಗೆ ಬಿದ್ದ ಒಣನೆಲವೇ. ರೋಬಸ್ಟಾದ ಮೊಗ್ಗು ಅರಳಲು ಫೆಬ್ರವರಿ–ಮಾರ್ಚ್‌ನಲ್ಲಿ ಒಂದು ಹದ ನೀರು ಬೇಕು. ಮಳೆ ಬಾರದಿದ್ದರೆ ಕೆರೆಯ ನೀರೆತ್ತಿ ಸ್ಪ್ರಿಂಕ್ಲರ್ ಹಾಯಿಸಬೇಕು, ಮುಂಗಾರು ಸೋತ ವರ್ಷ ಆ ಕೆರೆಯಲ್ಲೂ ನೀರಿರುವುದಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿತ್ತು. ಅಂಥ ವರ್ಷ ಮತ್ತೆ ಬರುವುದಿಲ್ಲ ಎಂದು ನಂಬಿ ತೋಟ ಕಟ್ಟುವಂತಿಲ್ಲ. ಹಾಗಾಗಿ ನೆರಳಿನ ಗಿಡ ನೆಡುವುದು ಜೂನ್‌ನ ಮಳೆಯಲ್ಲೇ ಆದರೂ, ಯಾವ ಗಿಡ ಎಂಬುದನ್ನು ಮಾರ್ಚ್‌ನ ನಡುಹಗಲಿನ ಬಿಸಿಲು ನೋಡಿ ನಿರ್ಧರಿಸಬೇಕು.

ಈಗ ಎಲ್ಲೆಡೆ ಏಳುತ್ತಿರುವುದು ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್. ಅದರ ಗುಣಗಳನ್ನು ಅಲ್ಲಗಳೆಯಲಾಗದು: ಬೇಗ ಬೆಳೆಯುತ್ತದೆ, ನೇರ ನಿಲ್ಲುತ್ತದೆ, ಕರಿಮೆಣಸಿನ ಬಳ್ಳಿಗೆ ಒಳ್ಳೆಯ ಆಸರೆ. ಆದರೆ ಅದರ ಸೀಳೆಲೆಗಳ ನಡುವೆ ಬಿಸಿಲು ಧಾರಾಳವಾಗಿ ಇಳಿಯುತ್ತದೆ, ಉದುರಿದ ತರಗು ಮಣ್ಣಾಗಲು ಬಹಳ ಕಾಲ ಹಿಡಿಯುತ್ತದೆ. ನಮ್ಮ ಹಲಸು, ಗೋಣಿ, ಬಿಲ್ವಾರ, ಬೀಟೆ, ಹೊನ್ನೆ, ನಂದಿ, ಮತ್ತಿಗಳು ಇದೇ ಮಳೆ, ಇದೇ ಒಣಗಾಲಗಳಿಗೆ ಹೊಂದಿಕೊಂಡು ಬಂದವು. ಬಿಲ್ವಾರ, ಬೀಟೆ, ಹೊನ್ನೆಗಳಂತೂ ದ್ವಿದಳ ಜಾತಿಯವು, ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿದಿಡುತ್ತವೆ. ಹಾಗೆಂದು ನಾಡಮರವೆಲ್ಲ ಎಲ್ಲ ಕಾಲಕ್ಕೂ ನೆರಳು ಕೊಡುತ್ತದೆ ಎನ್ನುವುದೂ ತಪ್ಪು. ಮತ್ತಿ ಬೇಸಿಗೆಯಲ್ಲೇ ಬೋಳಾಗುತ್ತದೆ. ಅದರ ಪಕ್ಕದಲ್ಲಿ ಎಲೆ ಉದುರಿಸಿ ಬೋಳಾಗದ ಹಲಸು, ಗೋಣಿಗಳಿದ್ದರೆ ಮತ್ತಿಯ ತರಗೇ ನೆಲಕ್ಕೆ ಹೊದಿಕೆಯಾಗಿ ತೇವ ಕಾಯುತ್ತದೆ. ಹಳೆಯ ತೋಟಗಳ ಬಲವಿದ್ದದ್ದು ಈ ಕೂಡಿಕೆಯಲ್ಲಿ. ಒಂದೇ ಜಾತಿಯ ಸಾಲಿನಲ್ಲಿ, ಅದು ನಾಡಮರದ್ದೇ ಆಗಿರಲಿ, ಆ ಬಲ ಸಿಗದು.

ರೋಬಸ್ಟಾಕ್ಕೆ ಹೆಚ್ಚು ನೆರಳು ಬೇಡ, ದಟ್ಟ ಮರವಿದ್ದರೆ ಫಸಲು ಇಳಿಯುತ್ತದೆ ಎನ್ನುವವರಿದ್ದಾರೆ. ಅದು ಸರಿಯೇ. ಆದರೆ ಹೆಚ್ಚಾದ ನೆರಳನ್ನು ಮಳೆಗಾಲಕ್ಕೆ ಮುಂಚೆ ಕೊಂಬೆ ಸವರಿ, ಅಂದರೆ ಮರಗಸಿ ಮಾಡಿ, ತೆಗೆಯಬಹುದು, ಇಲ್ಲದ ನೆರಳನ್ನು ಮಾರ್ಚ್‌ನಲ್ಲಿ ಎಲ್ಲಿಂದಲೂ ತರಲಾಗದು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಆನೆಯದು. ಹಲಸಿನ ವಾಸನೆಗೆ ಆನೆ ತೋಟಕ್ಕೆ ಇಳಿಯುತ್ತದೆ, ಬೆಳಗ್ಗೆ ಅದೇ ದಾರಿಯಲ್ಲಿ ಕೆಲಸಕ್ಕೆ ಬರುವವರ ಜೀವಕ್ಕೆ ಅಪಾಯ. ಕಾಡಂಚಿನ ತೋಟದವರಿಗೆ ಹಲಸು ನೆಡಿ ಎಂದು ಯಾರೂ ಉಪದೇಶಿಸಬಾರದು. ಅಲ್ಲಿ ಬಿಲ್ವಾರ, ನಂದಿ, ಹೊನ್ನೆ ಸಾಕು. ಬೇಗ ಬೆಳೆಯುವ ಮರವೇ ಬೇಕೆಂದರೆ ಪಶ್ಚಿಮಘಟ್ಟದ್ದೇ ಆದ ಬಳಂಜಿಯಿದೆ.

ಇಷ್ಟಾದರೂ ಬೆಳೆಗಾರ ಸಿಲ್ವರ್ ನೆಡುವುದಕ್ಕೆ ಅವನ ಅಜ್ಞಾನ ಕಾರಣವಲ್ಲ, ಕಾನೂನು ಕಾರಣ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಕಡಿಯಲು ಪೂರ್ವಾನುಮತಿ ಬೇಡದ ಜಾತಿಗಳ ಪಟ್ಟಿಯಲ್ಲಿ ಸಿಲ್ವರ್ ಓಕ್ ಇದೆ, ಬೀಟೆ, ಹೊನ್ನೆ, ನಂದಿಗಳಿಲ್ಲ. ಅದರ ಮೇಲೆ ಕೊಡಗಿನ ಅನ್‌ರಿಡೀಮ್ಡ್ ಜಮೀನಿನ ತೊಡಕು ಬೇರೆ, ಅಲ್ಲಿ ಮರದ ಬೆಲೆಯ ಮೇಲೆ ಸರ್ಕಾರದ ಹಕ್ಕಿದೆ. ಮೂವತ್ತು ವರ್ಷ ಸಾಕಿದ ಮರ ಮಗಳ ಓದಿಗೋ ಮನೆಯ ರಿಪೇರಿಗೋ ಒದಗುವುದಿಲ್ಲ ಎಂದಾದರೆ ತಾನಾಗಿ ಹುಟ್ಟಿದ ಬೀಟೆಯ ಸಸಿಯನ್ನು ಕಳೆ ತೆಗೆಯುವಾಗಲೇ ಕಿತ್ತೆಸೆಯುವುದು ಸಹಜ. ಮರ ಉಳಿಸಲು ಮಾಡಿದ ಕಾನೂನು ಮರ ಹುಟ್ಟದಂತೆ ಮಾಡುತ್ತಿದೆ. ಸಡಿಲಿಸಿದರೆ ಕಳ್ಳಸಾಗಣೆ ಹೆಚ್ಚೀತು ಎಂಬ ಅರಣ್ಯ ಇಲಾಖೆಯವರ ಭಯಕ್ಕೆ ಆಧಾರವಿದೆ. ಆದ್ದರಿಂದ ಈಗ ನಿಂತಿರುವ ಹಳೆಯ ಮರಗಳಿಗೆ ಇರುವ ಕಾವಲು ಹಾಗೆಯೇ ಇರಲಿ. ಇನ್ನು ಮುಂದೆ ನೆಟ್ಟು, ದಾಖಲೆಗೆ ಸೇರಿಸಿದ ನಾಡಮರಗಳ ಪೂರ್ಣ ಹಕ್ಕನ್ನು ಮಾತ್ರ ನೆಟ್ಟವರಿಗೇ ಕೊಡಲಿ. ಎಣಿಸಿ ಗುರುತು ಹಾಕಲು ಬೇಕಾದ ತಿಳಿವಳಿಕೆ ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದಲ್ಲೇ ಇದೆ. ಮುಂದಿನ ಮಳೆಗಾಲಕ್ಕೆ ಗುಂಡಿ ತೋಡುವ ಮೊದಲು ಈ ಒಂದು ಆದೇಶ ಬಂದರೂ ಸಾಕು, ಯಾವ ಸಸಿ ಇಳಿಸಬೇಕೆಂದು ಬೆಳೆಗಾರನಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.