ಸ್ಟಾರ್ಟ್ ಆಗದ ಇಂಜಿನ್ನನ್ನೂ ಲ್ಯಾಬಿಗೆ ತನ್ನಿ

ನಮ್ಮ ಲ್ಯಾಬಿನ ಇಂಜಿನ್ನುಗಳಿಗೆ ಒಂದು ವಿಶೇಷ ಗುಣ ಇದೆ. ಅವು ಯಾವಾಗಲೂ ಸ್ಟಾರ್ಟ್ ಆಗುತ್ತವೆ. ನಾವು ಹೋಗುವಷ್ಟರಲ್ಲಿ ಲ್ಯಾಬಿನ ಅಣ್ಣ ಡೀಸೆಲ್ ಹಾಕಿ, ನೀರು ಬಿಟ್ಟು, ಎಲ್ಲ ರೆಡಿ ಮಾಡಿ ಇಟ್ಟಿರ್ತಾರೆ. ನಾವು ಲೋಡ್ ಹಾಕ್ತೀವಿ, ರೀಡಿಂಗ್ ಬರ್ಕೊಳ್ತೀವಿ, ಗ್ರಾಫ್ ಎಳೀತೀವಿ, ರೆಕಾರ್ಡಿಗೆ ಸೈನ್ ಹಾಕಿಸ್ಕೊಂಡು ಕ್ಯಾಂಟೀನಿಗೆ ಹೋಗ್ತೀವಿ. ಅದು ತಪ್ಪು ಅಂತ ಹೇಳ್ತಿಲ್ಲ. ಆದ್ರೆ ಇಂಜಿನಿಯರಿಂಗ್ ಮುಗಿಸಿದವರ ಹತ್ರ ಜನ ಓಡ್ತಾ ಇರೋ ಇಂಜಿನ್ ತಗೊಂಡು ಬಂದು "ಇದರ ಎಫಿಶಿಯನ್ಸಿ ಎಷ್ಟು" ಅಂತ ಕೇಳಲ್ಲ. ಕೆಟ್ಟು ನಿಂತದ್ದನ್ನ ತೋರಿಸಿ "ಯಾಕೆ ಓಡ್ತಿಲ್ಲ" ಅಂತಾರೆ. ಈ ಎರಡನೇ ಪ್ರಶ್ನೆಗೆ ಉತ್ತರ ಹುಡುಕೋದನ್ನೂ ಒಂದು ವಿದ್ಯೆ ಅಂತ ನಮ್ಮ ಕಾಲೇಜುಗಳು ಒಪ್ಪಿಕೊಳ್ಳಬೇಕು, ಅದಕ್ಕೂ ಲ್ಯಾಬಲ್ಲಿ ಜಾಗ ಕೊಡಬೇಕು ಅನ್ನೋದು ನನ್ನ ವಾದ.

ಈ ವಾದ ಹುಟ್ಟಿದ್ದು ನಮ್ಮ ಮಾವನ ಓಮ್ನಿಯಿಂದ. ಹಳೇ ಕಾರ್ಬುರೇಟರ್ ಗಾಡಿ, 796 ಸಿಸಿ, ಮೂರು ಸಿಲಿಂಡರ್, ಮುಂದಿನ ಸೀಟು ಎತ್ತಿದ್ರೆ ಕೆಳಗೇ ಇಂಜಿನ್. ಮಾವ ಅದರಲ್ಲಿ ಸಂತೆಗೆ ತರಕಾರಿ ಹೊಡೀತಾರೆ. ಹೆಡ್ ಗ್ಯಾಸ್ಕೆಟ್ ಹೋಗಿ ರೇಡಿಯೇಟರ್ ನೀರು ಖಾಲಿ ಆಗ್ತಿತ್ತು, ಸೈಲೆನ್ಸರಲ್ಲಿ ಬಿಳಿ ಹೊಗೆ. ಗ್ಯಾರೇಜಿನವರು ಹೇಳಿದ ಲೆಕ್ಕ ಕೇಳಿ ಮಾವ ಮತ್ತು ಅವರ ಸ್ನೇಹಿತರು ತಾವೇ ಹೆಡ್ ಬಿಚ್ಚಿದ್ರು. ಲೇತ್ ಅಂಗಡಿಯಲ್ಲಿ ಫೇಸಿಂಗ್ ಮಾಡಿಸಿದ್ರು, ಹೊಸ ಗ್ಯಾಸ್ಕೆಟ್ ಹಾಕಿದ್ರು, ಬೋಲ್ಟುಗಳನ್ನ ಕ್ರಮವಾಗಿ ಟೈಟ್ ಮಾಡಿದ್ರು. ಕಷ್ಟದ ಕೆಲಸ ಎಲ್ಲ ಸರಿಯಾಗೇ ಆಗಿತ್ತು. ಕೀ ತಿರುಗಿಸಿದ್ರೆ "ಕಟಕ್" ಅಂತ ಒಂದು ಸದ್ದು, ಅಷ್ಟೇ.

ಆಮೇಲೆ ನಡೆದದ್ದು ನಮ್ಮಲ್ಲಿ ಎಲ್ಲರ ಮನೇಲೂ ನಡೆಯೋದೇ. ಒಬ್ಬರು ಬ್ಯಾಟರಿ ಅಂದ್ರು, ಹೊಸ ಬ್ಯಾಟರಿ ಬಂತು. ಇನ್ನೊಬ್ಬರು ಸೆಲ್ಫ್ ಮೋಟಾರ್ ಸುಟ್ಟಿದೆ ಅಂದ್ರು, ಅದನ್ನ ಬಿಚ್ಚಿ ರಿವೈಂಡಿಂಗ್ ಅಂಗಡಿಗೆ ಒಯ್ದರು. ಮೋಟಾರ್ ಚೆನ್ನಾಗೇ ಇದೆ ಅಂತ ಅವರು ವಾಪಸ್ ಕೊಟ್ಟರು. ಗಾಡಿ ಒಂಬತ್ತು ದಿನ ಅಂಗಳದಲ್ಲೇ ನಿಂತಿತ್ತು. ಅಷ್ಟೂ ದಿನ ಲಗೇಜ್ ಆಟೋ ಬಾಡಿಗೆ ಕೊಟ್ಟು ಸಂತೆಗೆ ಹೋಗಬೇಕಾಯ್ತು. ಗ್ಯಾರೇಜಿಗೆ ಕೊಡಬಾರದು ಅಂತ ಉಳಿಸಿದ ದುಡ್ಡು ಹೀಗೆ ಹೋಯ್ತು.

ಅದನ್ನ ಕೊನೆಗೆ ಸರಿ ಮಾಡಿದ್ದು ಪಕ್ಕದ ಮನೆ ಹುಡುಗ. ಐಟಿಐನಲ್ಲಿ ಮೋಟಾರ್ ಮೆಕ್ಯಾನಿಕ್ ಟ್ರೇಡ್ ಓದ್ತಾನೆ, ನನಗಿಂತ ಒಂದು ವರ್ಷ ಚಿಕ್ಕವನು. ರಜೆಗೆ ಹೋಗಿದ್ದ ನಾನು ಪಕ್ಕದಲ್ಲಿ ನಿಂತು ನೋಡ್ತಿದ್ದೆ. ಅವನು ಯಾವ ಪಾರ್ಟನ್ನೂ ತರಿಸಲಿಲ್ಲ. ಹೆಡ್‌ಲೈಟ್ ಹಾಕಿ "ಮಾವ, ಈಗ ಕೀ ತಿರುಗಿಸಿ" ಅಂದ. ಕಟಕ್ ಅಂತು, ಲೈಟು ಮಂಕಾಗಲಿಲ್ಲ. "ಬ್ಯಾಟರಿದೂ ಅಲ್ಲ, ಸೆಲ್ಫಿಂದೂ ಅಲ್ಲ" ಅಂತ ಅಲ್ಲೇ ಹೇಳಿಬಿಟ್ಟ.

ಹೇಗೆ ಗೊತ್ತಾಯ್ತು? ಬ್ಯಾಟರಿ ವೀಕ್ ಆಗಿದ್ರೆ ಸೆಲ್ಫ್ ಕರೆಂಟ್ ಎಳೆದ ತಕ್ಷಣ ವೋಲ್ಟೇಜ್ ಬೀಳುತ್ತೆ, ಲೈಟು ಮಂಕಾಗುತ್ತೆ. ಸೆಲ್ಫ್ ಜಾಮ್ ಆಗಿದ್ರೆ ಇನ್ನೂ ಜಾಸ್ತಿ ಎಳೆಯುತ್ತೆ, ಲೈಟು ಇನ್ನೂ ಮಂಕಾಗುತ್ತೆ. ಲೈಟು ಹಾಗೇ ಉರಿದ್ರೆ ಅರ್ಥ ಇಷ್ಟೇ: ದೊಡ್ಡ ಕರೆಂಟು ಹರೀತಾನೇ ಇಲ್ಲ, ದಾರಿಯಲ್ಲಿ ಎಲ್ಲೋ ತಡೆ ಇದೆ. ಅವನು ಜಂಪರ್ ಕೇಬಲ್ಲಿನ ಒಂದು ತುದಿಯನ್ನ ಬ್ಯಾಟರಿಯ ನೆಗೆಟಿವಿಗೆ, ಇನ್ನೊಂದು ತುದಿಯನ್ನ ನೇರವಾಗಿ ಇಂಜಿನ್ನಿನ ಬರೀ ಲೋಹಕ್ಕೆ ಹಿಡಿಸಿದ. ಸೆಲ್ಫ್ ಗಿರಗಿರ ತಿರುಗಿತು. ಇಂಜಿನ್ನಿಂದ ಬಾಡಿಗೆ ಹೋಗೋ ಅರ್ಥ್ ವೈರನ್ನ ಹೆಡ್ ಕೆಲಸಕ್ಕೆ ಅಂತ ಬಿಚ್ಚಿದ್ದವರು ವಾಪಸ್ ಹಾಕುವಾಗ ತುಕ್ಕು, ಗ್ರೀಸು ಒರೆಸದೆ ಹಾಗೇ ಬೋಲ್ಟ್ ಬಿಗಿದಿದ್ದರು.

ಇಲ್ಲಿ ಓಮ್ಸ್ ಲಾ ನೆನಪಿಸಿಕೊಳ್ಳಿ. ಚಿಕ್ಕ ಕಾರಿನ ಸೆಲ್ಫಿಗೂ ಇಂಜಿನ್ ತಿರುಗಿಸೋಕೆ ಸುಮಾರು 100 ಆಂಪಿಯರ್ ಬೇಕು. ಕೊಳಕು ಜಾಯಿಂಟಿನ ರೆಸಿಸ್ಟನ್ಸ್ ಬರೀ 0.05 ಓಮ್ ಇದ್ರೂ ಅಷ್ಟು ಕರೆಂಟಿಗೆ 5 ವೋಲ್ಟ್ ಅಲ್ಲೇ ಕಳೆದುಹೋಗಬೇಕು. 12 ವೋಲ್ಟಿನ ಬ್ಯಾಟರಿಯಲ್ಲಿ ಇದು ದೊಡ್ಡ ಕಳ್ಳತನ. ಆದ್ರೆ ಅದೇ ಜಾಯಿಂಟಿಗೆ ಮಲ್ಟಿಮೀಟರ್ ಇಟ್ಟು ಕಂಟಿನ್ಯುಯಿಟಿ ನೋಡಿದ್ರೆ "ಬೀಪ್" ಅಂತ ಸದ್ದು ಬಂದು ಎಲ್ಲ ಸರಿ ಇದೆ ಅನ್ನುತ್ತೆ. ಮೀಟರಿಗೆ 0.05 ಓಮ್ ಅಂದ್ರೆ ಸೊನ್ನೆಯೇ. ಹಾಗಾಗಿ ಮೀಟರನ್ನ ವೋಲ್ಟಿಗೆ ಇಟ್ಟು, ಒಂದು ಪ್ರೋಬ್ ಬ್ಯಾಟರಿ ನೆಗೆಟಿವಿಗೆ, ಇನ್ನೊಂದು ಇಂಜಿನ್ ಬ್ಲಾಕಿಗೆ ಹಿಡಿದು, ಕೀ ತಿರುಗಿಸುವಾಗಲೇ ಓದಬೇಕು. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದ್ರೆ ಅರ್ಥ್ ಮೇಲೆ ಅನುಮಾನ ಪಡಬೇಕು. ನಾವು ಫಸ್ಟ್ ಇಯರಿಂದ V ಅಂದ್ರೆ I ಗುಣಿಸು R ಅಂತ ಬರೀತಾ ಬಂದಿದ್ದೀವಿ. ಲೋಡ್ ಇಲ್ಲದೆ ಅಳೆದ್ರೆ ಮೀಟರ್ ಸುಳ್ಳು ಹೇಳಬಹುದು ಅನ್ನೋದನ್ನ ಯಾವ ಪ್ರಶ್ನೆಪತ್ರಿಕೆಯಲ್ಲೂ ನಾನು ನೋಡಿಲ್ಲ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಸೆಲ್ಫ್ ತಿರುಗಿತು, ಗಾಡಿ ಸ್ಟಾರ್ಟ್ ಆಗಲಿಲ್ಲ. ಒಂದು ಸಲ ಕಾರ್ಬುರೇಟರಿಂದ "ಫಟ್", ಇನ್ನೊಂದು ಸಲ ಸೈಲೆನ್ಸರಿಂದ "ಡಬ್". ಮಾವನ ಮುಖ ಇಳಿದುಹೋಯ್ತು, "ಅರ್ಥ್ ಅಲ್ಲ ಬಿಡೋ" ಅಂದ್ರು. ರಿಪೇರಿ ಮಾಡಿದ ಗಾಡಿಯಲ್ಲಿ ಜನ ದಾರಿ ತಪ್ಪೋದು ಇಲ್ಲೇ ಅಂತ ನನಗೆ ಅನಿಸುತ್ತೆ. ಓಡುತ್ತಾ ಇದ್ದ ಗಾಡಿ ರಸ್ತೇಲಿ ತಾನಾಗೇ ನಿಂತ್ರೆ ಸಾಮಾನ್ಯವಾಗಿ ಕಾರಣ ಒಂದೇ ಇರುತ್ತೆ. ನಾವೇ ಕೈ ಹಾಕಿ ಇಪ್ಪತ್ತು ಕಡೆ ಬಿಚ್ಚಿ ಜೋಡಿಸಿದ ಗಾಡಿಯಲ್ಲಿ ಎರಡು ಮೂರು ತಪ್ಪು ಒಟ್ಟಿಗೇ ಇರಬಹುದು. ಒಂದನ್ನ ಸರಿ ಮಾಡಿದ್ರೂ ಗಾಡಿ ಸ್ಟಾರ್ಟ್ ಆಗಲ್ಲ. ಅದಕ್ಕೆ ಪ್ರತಿ ರಿಪೇರಿಯನ್ನ ಅದರದೇ ಲಕ್ಷಣದಿಂದ ಅಳೀಬೇಕು. ಅರ್ಥ್ ಸರಿ ಮಾಡಿದ್ಮೇಲೆ ಕೇಳಬೇಕಾದ ಪ್ರಶ್ನೆ "ಸ್ಟಾರ್ಟ್ ಆಯ್ತಾ" ಅಲ್ಲ, "ಸೆಲ್ಫ್ ತಗೊಳ್ತಾ". ಆ ಲೆಕ್ಕದಲ್ಲಿ ಆ ಕೆಲಸ ಗೆದ್ದಾಗಿತ್ತು.

ಎರಡನೇ ತಪ್ಪನ್ನ ಆ ಎರಡು ಸದ್ದುಗಳೇ ಹೇಳುತ್ತಿದ್ದವು. ಆ ಇಂಜಿನ್ನಿನ ಫೈರಿಂಗ್ ಆರ್ಡರ್ 1-3-2. ಎರಡನೇ ಮತ್ತು ಮೂರನೇ ಪ್ಲಗ್ಗಿನ ವೈರು ಅದಲು ಬದಲಾಗಿದ್ದವು. ಮೂರು ಸಿಲಿಂಡರ್ ನಾಲ್ಕು ಸ್ಟ್ರೋಕ್ ಇಂಜಿನ್ನಿನಲ್ಲಿ 720 ಡಿಗ್ರಿಗೆ ಮೂರು ಕಿಡಿ, ಅಂದ್ರೆ 240 ಡಿಗ್ರಿಗೆ ಒಂದು. ಮೊದಲ ಸಿಲಿಂಡರಿನ ವೈರು ಸರಿ ಇರೋದ್ರಿಂದ ಅದಕ್ಕೆ ಕಿಡಿ ಸರಿಯಾಗಿ ಬರುತ್ತೆ. ಮೂರಕ್ಕೆ ಹೋಗಬೇಕಾದ ಕಿಡಿ ಎರಡಕ್ಕೆ ಹೋದಾಗ ಆ ಸಿಲಿಂಡರ್ ಯಾವ ಸ್ಟ್ರೋಕಲ್ಲಿ ಇರುತ್ತೆ ಅಂತ ಪೇಪರ್ ಮೇಲೆ ಹಾಕಿ ನೋಡಿ. ಇನ್‌ಟೇಕ್. ವಾಲ್ವ್ ತೆರೆದಿರುತ್ತೆ, ಒಳಗೆ ಬರ್ತಾ ಇರೋ ಮಿಕ್ಸ್ಚರ್ ಹತ್ತಿಕೊಂಡು ಕಾರ್ಬುರೇಟರ್ ಕಡೆಗೇ ಫಟ್ ಅನ್ನುತ್ತೆ. ಎರಡಕ್ಕೆ ಬರಬೇಕಾದ ಕಿಡಿ ಮೂರಕ್ಕೆ ಹೋದಾಗ ಅದು ಎಕ್ಸಾಸ್ಟ್ ಸ್ಟ್ರೋಕಲ್ಲಿ ಇರುತ್ತೆ. ಉರಿಯದೆ ಉಳಿದಿದ್ದ ಮಿಕ್ಸ್ಚರ್ ಸೈಲೆನ್ಸರ್ ಕಡೆಗೆ ಡಬ್ ಅನ್ನುತ್ತೆ. ನಾವು ಕ್ಲಾಸಲ್ಲಿ ನಿದ್ದೆಗಣ್ಣಲ್ಲಿ ಬರ್ಕೊಳ್ಳೋ ವಾಲ್ವ್ ಟೈಮಿಂಗ್ ಡಯಾಗ್ರಾಮ್ ಇದೇ.

ಆ ಹುಡುಗ ಡಯಾಗ್ರಾಮ್ ಹಾಕಲಿಲ್ಲ. "ಕಾರ್ಬುರೇಟರಲ್ಲಿ ಹೊಡೀತಿದೆ, ಆರ್ಡರ್ ನೋಡ್ರಿ" ಅಂತ ವೈರುಗಳನ್ನ ಬದಲಾಯಿಸಿದ, ಗಾಡಿ ಸ್ಟಾರ್ಟ್ ಆಯ್ತು. ಅವನಿಗೆ ಲಕ್ಷಣದಿಂದ ಕಾರಣಕ್ಕೆ ಹೋಗೋ ದಾರಿ ಗೊತ್ತು. ನಮಗೆ ಕಾರಣದಿಂದ ಲಕ್ಷಣಕ್ಕೆ ಹೋಗೋ ದಾರಿ ಮಾತ್ರ ಕಲಿಸ್ತಾರೆ. ಎರಡೂ ಗೊತ್ತಿದ್ದವರನ್ನೇ ಇಂಜಿನಿಯರ್ ಅನ್ನಬೇಕು ಅಲ್ವಾ?

ಕನ್ನಡ ಸಂಘದ ಪತ್ರಿಕೆಯಲ್ಲಿ ಇದನ್ನ ಬರೆಯೋಕೆ ಇನ್ನೊಂದು ಕಾರಣವೂ ಇದೆ. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. "ಕಾರ್ ಸ್ಟಾರ್ಟ್ ಆಗ್ತಿಲ್ಲ" ಅನ್ನೋ ಒಂದೇ ವಾಕ್ಯ ನನಗೆ ಗೊತ್ತಿತ್ತು. ಗ್ಯಾರೇಜಿನ ಕನ್ನಡದಲ್ಲಿ ಅದಕ್ಕೆ ಬೇರೆ ಬೇರೆ ಮಾತುಗಳಿವೆ. "ಸೆಲ್ಫೇ ತಗೊಳ್ತಿಲ್ಲ" ಅಂದ್ರೆ ಬ್ಯಾಟರಿ, ಟರ್ಮಿನಲ್, ಅರ್ಥ್, ಸೆಲ್ಫ್ ಮೋಟಾರ್ ಕಡೆ ನೋಡು, ಪೆಟ್ರೋಲ್ ಪಂಪ್ ಬಿಚ್ಚಬೇಡ. "ಸೆಲ್ಫ್ ಹೊಡೀತಿದೆ, ಹಿಡೀತಿಲ್ಲ" ಅಂದ್ರೆ ಬ್ಯಾಟರಿ ಬಿಡು, ಕಿಡಿ, ಪೆಟ್ರೋಲ್, ಕಂಪ್ರೆಶನ್, ಟೈಮಿಂಗ್ ನೋಡು. "ಸೆಲ್ಫ್ ಲೂಸಾಗಿ ತಿರುಗ್ತಿದೆ" ಅಂದ್ರೆ ಸಿಲಿಂಡರಲ್ಲಿ ಒತ್ತಡವೇ ಕಟ್ಟುತ್ತಿಲ್ಲ, ಟೈಮಿಂಗ್ ಬೆಲ್ಟ್ ಮೇಲೆ ಮೊದಲ ಅನುಮಾನ. ಒಂದೊಂದು ಮಾತೂ ಅರ್ಧ ಗಾಡಿಯನ್ನ ಪಟ್ಟಿಯಿಂದ ಹೊಡೆದುಹಾಕುತ್ತೆ. ಕಂಪ್ಯೂಟರ್ ಸೈನ್ಸಿನವರು ಬೈನರಿ ಸರ್ಚ್ ಅಂತ ಓದೋದನ್ನೇ ಗ್ಯಾರೇಜಿನವರು ಆಡುಮಾತಲ್ಲಿ ಮಾಡ್ತಾರೆ.

ಇದಕ್ಕೆ ಬರೋ ಎದುರು ಮಾತುಗಳೂ ಗೊತ್ತು. ಮೊದಲನೇದು, "ಮನೇಲಿ ಇಂಜಿನ್ ಬಿಚ್ಚಲೇಬಾರದಿತ್ತು, ಅದಕ್ಕೇ ಹೀಗಾಯ್ತು". ಸ್ವಲ್ಪ ನಿಜ ಇದೆ. ಏರ್‌ಬ್ಯಾಗ್ ವೈರಿಂಗು, ಹೈಬ್ರಿಡ್ ಗಾಡಿಗಳ ಹೈ ವೋಲ್ಟೇಜ್ ಲೈನು, ಇವಕ್ಕೆ ತರಬೇತಿ ಇಲ್ಲದವರು ಕೈ ಹಾಕಬಾರದು. ಪೆಟ್ರೋಲ್ ವಾಸನೆ ಬರ್ತಿರೋ ಕಡೆ ಪ್ಲಗ್ ಹೊರಗೆ ತೆಗೆದು ಕಿಡಿ ನೋಡೋದು ಬೆಂಕಿ ಜೊತೆ ಆಟ. ಆದ್ರೆ ಮಾವನ ಒಂಬತ್ತು ದಿನ ಹಾಳಾಗಿದ್ದು ಬಿಚ್ಚಿದ್ದಕ್ಕಲ್ಲ. ಕೊನೆಗೆ ಕೈ ಹಾಕಿದ ಜಾಗಗಳನ್ನ ಮೊದಲು ನೋಡದೆ, ಕೈ ಹಾಕದೇ ಇದ್ದ ಬ್ಯಾಟರಿಯನ್ನ ಬದಲಾಯಿಸಿದ್ದಕ್ಕೆ. ಹೆಡ್ ಬಿಚ್ಚೋ ಮೊದಲು ಆ ಗಾಡಿ ಅದೇ ಬ್ಯಾಟರಿಯಲ್ಲೇ ದಿನಾ ಸ್ಟಾರ್ಟ್ ಆಗ್ತಿತ್ತು.

ಎರಡನೇದು, "ಈಗಿನ ಗಾಡಿಗಳಿಗೆ ಸ್ಕ್ಯಾನರ್ ಇದೆ, ಅದೇ ಹೇಳುತ್ತೆ". ಸ್ಕ್ಯಾನರ್ P0335 ಅಂತ ಕೋಡ್ ತೋರಿಸಿದ್ರೆ ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟಲ್ಲಿ ತೊಂದರೆ ಅಂತ ಅರ್ಥ. ಸೆನ್ಸರೇ ಹೋಗಿದೆ ಅಂತ ಅಲ್ಲ. ಇಂಜಿನ್ ಕೆಲಸ ಆದ್ಮೇಲೆ ಆ ಕೋಡ್ ಬಂದ್ರೆ ಮೊದಲು ನೋಡಬೇಕಾದ್ದು ಕನೆಕ್ಟರ್ ಪೂರ್ತಿ ಕೂತಿದೆಯಾ, ವೈರು ಎಲ್ಲಾದ್ರೂ ಸಿಕ್ಕಿಕೊಂಡಿದೆಯಾ ಅಂತ. ಅದಕ್ಕೆ ಖರ್ಚಿಲ್ಲ. ಕೋಡ್ ನೋಡಿದ ಕೂಡಲೇ ಸೆನ್ಸರ್ ಆರ್ಡರ್ ಮಾಡೋನು ಸ್ಕ್ಯಾನರ್ ಇಟ್ಕೊಂಡು ಲಾಟರಿ ಆಡ್ತಿದ್ದಾನೆ ಅಷ್ಟೇ. ಎಲೆಕ್ಟ್ರಿಕ್ ಗಾಡಿ ಬಂದ್ಮೇಲೂ ಇದೇ ಕಥೆ. ಪ್ಲಗ್ಗು, ಕಾರ್ಬುರೇಟರ್ ಹೋಗುತ್ತೆ, ಕನೆಕ್ಟರ್ ಮತ್ತು ಅರ್ಥ್ ಹೋಗಲ್ಲ.

ಹಾಗಾದ್ರೆ ಏನು ಮಾಡಬೇಕು? ಸಿಲಬಸ್ ಬದಲಾಗಲಿ ಅಂತ ಕಾಯ್ತಾ ಕೂರೋಷ್ಟು ದೊಡ್ಡ ಬೇಡಿಕೆ ಇದಲ್ಲ. ಲ್ಯಾಬಲ್ಲಿ ಒಂದು ಹಳೇ ಪೆಟ್ರೋಲ್ ಇಂಜಿನ್ ಸ್ಟ್ಯಾಂಡ್ ಮೇಲೆ ಇರಲಿ. ನಾವು ಬರೋ ಮೊದಲು ಲ್ಯಾಬಿನ ಅಣ್ಣ ಅದರಲ್ಲಿ ಒಂದು ಅಥವಾ ಎರಡು ತೊಂದರೆ ಮಾಡಿಡಲಿ: ಒಂದು ಅರ್ಥ್ ಸಡಿಲ, ಒಂದು ವೈರು ಅದಲು ಬದಲು, ಒಂದು ವ್ಯಾಕ್ಯೂಮ್ ಪೈಪ್ ಬಿಚ್ಚಿದ್ದು. ನಾಲ್ಕು ಜನರ ಬ್ಯಾಚಿಗೆ ಒಂದು ಗಂಟೆ ಸಮಯ. ಇಂಜಿನ್ ಸ್ಟಾರ್ಟ್ ಆಯ್ತಾ ಅನ್ನೋದಕ್ಕೆ ಮಾರ್ಕ್ಸ್ ಬೇಡ. ಯಾವ ಟೆಸ್ಟ್ ಮಾಡಿದ್ರಿ, ಅದರಿಂದ ಏನನ್ನ ಪಟ್ಟಿಯಿಂದ ತೆಗೆದ್ರಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿದ್ರಾ ಅಂತ ಬರೆದದ್ದಕ್ಕೆ ಮಾರ್ಕ್ಸ್ ಇರಲಿ. ಈ ರೆಕಾರ್ಡನ್ನ ಸೀನಿಯರ್ ಬುಕ್ಕಿಂದ ಕಾಪಿ ಹೊಡೆಯೋಕೂ ಆಗಲ್ಲ, ಯಾಕಂದ್ರೆ ಪ್ರತಿ ಬ್ಯಾಚಿಗೂ ತೊಂದರೆ ಬೇರೆ.

ಅಲ್ಲಿವರೆಗೆ ಊರಲ್ಲಿ ಯಾರಾದ್ರೂ ಗಾಡಿ ಬಿಚ್ಚುತ್ತಿದ್ದರೆ ನಾವು ಮಾಡಬಹುದಾದ ಉಪಕಾರ ಚಿಕ್ಕದು. ಬಿಚ್ಚೋ ಮೊದಲೇ ಫೋನಲ್ಲಿ ಫೋಟೋ ತೆಗೆದಿಡಿ. ಪ್ಲಗ್ ವೈರುಗಳಿಗೆ ಟೇಪ್ ಸುತ್ತಿ ನಂಬರ್ ಬರೀರಿ. ಬಿಚ್ಚಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ವಾಪಸ್ ಹಾಕಿದಾಗ ಟಿಕ್ ಹಾಕಿ. ಸ್ಟಾರ್ಟ್ ಆಗದಿದ್ರೆ ಅಂಗಡಿಗೆ ಓಡೋ ಮೊದಲು ಆ ಹಾಳೆ ಹಿಡಿದು ಒಂದು ಸುತ್ತು ನೋಡಿ. ಮುಂದಿನ ಸೆಮಿಸ್ಟರಲ್ಲಿ ಲ್ಯಾಬಿನ ಬಗ್ಗೆ ಎಚ್‌ಒಡಿ ಸರ್ ಹತ್ರ ಮಾತಾಡೋಕೆ ನಾನು ಹೋಗ್ತೀನಿ. ಜೊತೆಗೆ ಬರೋರು ಸಂಘದ ಗ್ರೂಪಲ್ಲಿ ಹೆಸರು ಹಾಕಿ. ಮೆಕ್ಯಾನಿಕಲ್‌ನವರೇ ಆಗಬೇಕು ಅಂತೇನಿಲ್ಲ.